ಹುಲ್ಲಿನವನ ಕೈಗುಣ

“ಗುರುಗಳೇ, ಕಳ್ಳ ಸಿಕ್ಕಿಬೀಳುತ್ತಾನೆ. ಸುಳ್ಳುಗಾರನೂ ಒಂದು ದಿನ ಸಿಕ್ಕಿಬೀಳುತ್ತಾನೆ. ಹೊಟ್ಟೆಕಿಚ್ಚಿನವನು ಮಾತ್ರ ಯಾರ ಕೈಗೂ ಸಿಗುವುದಿಲ್ಲ. ಅವನಿಗೆ ಶಿಕ್ಷೆ ಕೊಡುವವರು ಯಾರು?”

ಕೇಳಿದವನು ಗುರುಪಾದ. ಅಡವಯ್ಯನವರ ಮಠದಲ್ಲಿ ಎಲ್ಲರಿಗಿಂತ ಹಿರಿಯ ಶಿಷ್ಯ. ಈಚೆಗೆ ಬಂದು ಸೇರಿದ ಒಬ್ಬ ಹುಡುಗನ ಕಂಠವನ್ನು ಊರವರೆಲ್ಲ ಹೊಗಳತೊಡಗಿದ ಮೇಲೆ ಗುರುಪಾದನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಡವಯ್ಯನವರು ಅದನ್ನು ಕಂಡಿದ್ದರು; ಕಂಡೂ ಸುಮ್ಮನಿದ್ದರು. ಈಗ ಪ್ರಶ್ನೆ ತಾನಾಗಿಯೇ ಬಂದಿತ್ತು. ಅವರು ಶಿಷ್ಯನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಸಾಹುಕಾರ ಹೆದ್ದಾರಿಯ ಪಕ್ಕದಲ್ಲಿ ಛತ್ರ ಕಟ್ಟಿಸಿದ್ದ. ಛತ್ರದ ಮುಂದೆ ಅಂಗಳ, ಅಂಗಳಕ್ಕೊಬ್ಬ ತೋಟಗಾರ. ಈ ತೋಟಗಾರನಿಗೆ ಹುಲ್ಲೆಂದರೆ ಪ್ರಾಣ. ದನಕ್ಕೆ ಹಾಕುವ ಹುಲ್ಲಲ್ಲ, ನೋಡಲೆಂದೇ ಬೆಳೆಸುವ ಹುಲ್ಲು. ಆಳೆತ್ತರ ಬೆಳೆದು, ಮಳೆಗಾಲ ಕಳೆದ ಮೇಲೆ ಬೆಳ್ಳಗೆ ತೆನೆ ಬಿಡುತ್ತಿತ್ತು. ನವರಾತ್ರಿಯ ಹೊತ್ತಿಗೆ ಆ ತೆನೆಗಳು ಗಾಳಿಗೆ ತೂಗಾಡುವುದನ್ನು ನೋಡಲು ದಾರಿಹೋಕರು ಗಾಡಿ ನಿಲ್ಲಿಸುತ್ತಿದ್ದರು. ಹುಲ್ಲಿನಲ್ಲೂ ಇಷ್ಟು ಚೆಂದ ಉಂಟೇ ಎನ್ನುತ್ತಿದ್ದರು. ತೋಟಗಾರ ಕೇಳಿಸದವನ ಹಾಗೆ ಬೆನ್ನು ತಿರುಗಿಸಿ ಕಳೆ ಕೀಳುತ್ತಿದ್ದ. ಕಿವಿ ಮಾತ್ರ ಅಲ್ಲೇ ಇರುತ್ತಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ದುಡಿದವನಿಗೆ ಒಂದು ಒಳ್ಳೆಯ ಮಾತಿನ ಆಸೆ ಇದ್ದೇ ಇರುತ್ತದೆ.

ಅವನಿಗೆ ವಯಸ್ಸಾಗುತ್ತ ಬಂತು. ಸಾಹುಕಾರ ಇನ್ನೊಬ್ಬ ತೋಟಗಾರನನ್ನು ತಂದು ಅಂಗಳದ ಅರ್ಧ ಭಾಗ ಅವನಿಗೆ ಕೊಟ್ಟ. ಕಿರಿಯವನು ಹಿರಿಯವನನ್ನು ಅಣ್ಣಾ ಎಂದು ಕರೆದ. ತನ್ನ ಪಾಲಿನ ನೆಲದಲ್ಲಿ ಒಂದು ಕಕ್ಕೆಯ ಸಸಿ ನೆಟ್ಟ. ಬೇಸಗೆಯಲ್ಲಿ ಹುಲ್ಲು ಒಣಗಿ ಅಂಗಳ ಬಿಕೋ ಎನ್ನುತ್ತದೆ, ಕಕ್ಕೆ ಹೂ ಬಿಡುವುದು ಆಗಲೇ, ಅಣ್ಣನ ಹುಲ್ಲು ಮತ್ತೆ ಏಳುವ ತನಕ ಬಂದವರ ಕಣ್ಣಿಗೆ ಏನಾದರೊಂದು ಇರಲಿ ಎಂಬುದು ಅವನ ಲೆಕ್ಕ. ಹಿರಿಯವನು ನಕ್ಕು, ನೆಡು ಮಾರಾಯ, ನಾನು ಬದುಕಿರುವಾಗ ಹೂ ಬಿಟ್ಟರೆ ನೋಡೋಣ ಅಂದ.

ಹಲವು ವರ್ಷ ಮರ ಬರೀ ಸೊಪ್ಪು ಬಿಟ್ಟಿತು. ಕಿರಿಯವನು ಎಳೆಗೂಸಿಗೆ ಹಾಲೂಡಿಸುವ ಹಾಗೆ ಹೊತ್ತುಹೊತ್ತಿಗೆ ನೀರೂಡಿಸುತ್ತಿದ್ದ. ಹಿರಿಯವನು ಗೇಲಿ ಮಾಡುತ್ತಿದ್ದ. ಗೇಲಿ ಮಾಡುತ್ತಲೇ ಗೊಬ್ಬರ ಹೇಗೆ ಕೊಳೆಸಬೇಕು, ಪಾತಿ ಹೇಗೆ ಕಟ್ಟಬೇಕು ಎಂದು ಕಲಿಸುತ್ತಿದ್ದ. ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಪಕ್ಕದವನು ಸೋಲುತ್ತಿರುವ ತನಕ ಸ್ನೇಹ ಬಹಳ ಸುಲಭ, ಮಗು.

ಒಂದು ಬೇಸಗೆಯಲ್ಲಿ ಕಕ್ಕೆ ಹೂ ಬಿಟ್ಟಿತು. ಬಹಳವೇನಲ್ಲ, ಅಲ್ಲೊಂದು ಇಲ್ಲೊಂದು ಹಳದಿ ಗೊಂಚಲು. ಆದರೂ ದಾರಿಹೋಕರು ನಿಂತರು. ಗಾಡಿಯವನೊಬ್ಬ ತಲೆಯೆತ್ತಿ ಹೂ ನೋಡುತ್ತ ನಿಂತು, ತನ್ನ ಎತ್ತುಗಳನ್ನು ಹಿರಿಯವನ ಒಣಹುಲ್ಲಿಗೆ ಬಿಟ್ಟ. ಎತ್ತುಗಳು ಬುಡದ ತನಕ ಮೇಯ್ದವು. ಹಿರಿಯವನು ಬೈದು ಓಡಿಸಿದ. ಗಾಡಿಯವನಿಗೆ ಆಶ್ಚರ್ಯ. ಹುಲ್ಲು ತಾನೇ ಅಂದ.

ಅಷ್ಟೇ ಸಾಕಾಯಿತು. ಅವತ್ತಿನಿಂದ ಹಿರಿಯವನಿಗೆ ಹೊಟ್ಟೆಯಲ್ಲಿ ಕೆಂಡ. ಬುತ್ತಿ ಬೇರೆಯಾಯಿತು. ಕಿರಿಯವನು ಅಣ್ಣಾ ಎಂದರೆ ಅದರಲ್ಲೂ ಕೊಂಕು ಕೇಳಿಸಿತು. ಹೂ ಉದುರಿದರೆ ಕಸ ಎಂದು ಗೊಣಗಿದ, ಉದುರದಿದ್ದರೆ ಇನ್ನೂ ಉದುರಲಿಲ್ಲವಲ್ಲ ಎಂದು ಕುದಿದ. ನವರಾತ್ರಿ ಬಂತು, ಅವನ ತೆನೆಗಳು ಎಂದಿನಂತೆ ತೂಗಿದವು, ಜನ ಎಂದಿನಂತೆ ನಿಂತು ಹೊಗಳಿದರು. ಅವನಿಗೆ ಒಂದು ಮಾತೂ ರುಚಿಸಲಿಲ್ಲ. ಹೊಗಳಿದವರ ಮುಖ ನೋಡಿ, ಇವರು ಬೇಸಗೆಯಲ್ಲಿ ಬಂದಿದ್ದರೆ ಇದೇ ಮಾತು ಆಡುತ್ತಿದ್ದರೇ ಎಂದು ಲೆಕ್ಕ ಹಾಕುತ್ತಿದ್ದ.

ಅಷ್ಟರಲ್ಲಿ ಸಾಹುಕಾರ ಒಂದು ಮಾತು ಹೇಳಿದ. ಅಂಗಳದಲ್ಲಿ ಅರವಟ್ಟಿಗೆ ಕಟ್ಟಿಸಬೇಕು, ದಾರಿಹೋಕರಿಗೆ ನೀರು ಮಜ್ಜಿಗೆ ಕೊಡಬೇಕು. ಅದಕ್ಕೆ ಅರ್ಧ ಅಂಗಳ ಬೇಕು. ಹುಲ್ಲು ಇಲ್ಲವೇ ಮರ, ಎರಡರಲ್ಲಿ ಒಂದನ್ನು ತೆಗೆಯಬೇಕು. ಇನ್ನೆರಡು ಬೇಸಗೆ ನೋಡಿ ಹೇಳುತ್ತೇನೆ ಅಂದ. ಬೇಸಗೆಯಲ್ಲಿ ಹುಲ್ಲಿನ ಚೆಂದ ನೋಡುವುದೆಂದರೆ, ಮಲಗಿದವನನ್ನು ನೋಡಿ ಇವನಿಗೆ ಕುಣಿಯಲು ಬಾರದು ಎಂದ ಹಾಗೆ. ಅನ್ಯಾಯ ಎಂದು ಹಿರಿಯವನು ಸಾಹುಕಾರನಿಗೆ ಹೇಳಬಹುದಿತ್ತು. ಹೇಳಿದ್ದರೆ ಅವನು ಕೇಳುತ್ತಿದ್ದನೋ ಏನೋ. ಆದರೆ ಹೊಟ್ಟೆ ಉರಿಯುವವನಿಗೆ ನ್ಯಾಯ ಬೇಕಿಲ್ಲ, ಮಗು. ತನ್ನದು ಉಳಿಯುವುದೂ ಅವನಿಗೆ ಸಾಲದು. ಪಕ್ಕದವನದು ಒಣಗಬೇಕು.

ಬಾವಿಯಿಂದ ಮರದ ಬುಡಕ್ಕೆ ಒಂದು ಕಾಲುವೆ ಇತ್ತು. ಈಗ ಮರ ದೊಡ್ಡದಾಗಿದ್ದರಿಂದ ಕಿರಿಯವನು ಕಾಲುವೆಗೆ ನೀರು ಬಿಟ್ಟು ತನ್ನ ಬೇರೆ ಕೆಲಸಕ್ಕೆ ಹೋಗುತ್ತಿದ್ದ. ಹಿರಿಯವನು ನಡುವೆ ಮಣ್ಣು ಮೆತ್ತಿ, ಮೇಲೆ ಒಣಗಿದ ಎಲೆ ಮುಚ್ಚಿ, ನೀರನ್ನು ತನ್ನ ಹುಲ್ಲಿಗೆ ತಿರುಗಿಸಿಕೊಂಡ. ನೀರು ತಪ್ಪಿದರೆ ಹುಲ್ಲು ಒಣಗುತ್ತದೆ. ಅವನಿಗೆ ಗೊತ್ತಿದ್ದದ್ದು ಹುಲ್ಲೊಂದೇ. ಅದೇ ಅಳತೆಯಲ್ಲಿ ಮರವನ್ನೂ ಅಳೆದ.

ಬೇಸಗೆ ಬಂತು. ಕಕ್ಕೆ ಸೊಪ್ಪೆಲ್ಲ ಉದುರಿಸಿತು. ಹಿರಿಯವನು ಒಳಗೊಳಗೇ ಹಿಗ್ಗಿದ. ಆಮೇಲೆ ರೆಂಬೆ ರೆಂಬೆಗೂ ಗೊಂಚಲು ಇಳಿಬಿದ್ದವು. ಹಿಂದಿನ ಸಲಕ್ಕಿಂತ ಎಷ್ಟೋ ಪಾಲು ಹೆಚ್ಚು. ಅವನು ಕಣ್ಣುಜ್ಜಿಕೊಂಡು ನೋಡಿದ. ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು ಎಂದು ಬೇರೆಯವನಾದರೆ ಅಲ್ಲಿಗೇ ಬಿಡುತ್ತಿದ್ದ. ಇವನು ಬಿಡಲಿಲ್ಲ. ನೀರು ಕಟ್ಟಿದ್ದು ಸಾಲಲಿಲ್ಲ, ಬೇರಿಗೇ ಕೈ ಹಾಕಬೇಕು ಅಂದುಕೊಂಡ. ಮಳೆಗಾಲ ಕಳೆದ ಮೇಲೆ, ಕಿರಿಯವನು ಊಟಕ್ಕೆ ಮನೆಗೆ ಹೋದಾಗಲೆಲ್ಲ ಹಾರೆ ಹಿಡಿದು ಮರದ ಬುಡ ಅಗೆದ. ಕೈಗೆ ಸಿಕ್ಕ ಬೇರು ಕಡಿದು ಮಣ್ಣು ಮುಚ್ಚಿದ. ಆ ನವರಾತ್ರಿಯಲ್ಲಿ ತನ್ನ ಹುಲ್ಲಿನ ಕಡೆ ಅವನು ತಿರುಗಿಯೂ ನೋಡಲಿಲ್ಲ. ಅತಿಯಾಗಿ ನೀರು ಕುಡಿದು ಹುಲ್ಲು ಕೊಬ್ಬಿ ನೆಲಕ್ಕೊರಗಿತ್ತು. ತೆನೆ ಬಿಡಲೇ ಇಲ್ಲ. ಯಾವ ಗಾಡಿಯೂ ನಿಲ್ಲಲಿಲ್ಲ. ಅದೂ ಅವನ ಗಮನಕ್ಕೆ ಬರಲಿಲ್ಲ.

ಮರು ಬೇಸಗೆಯಲ್ಲಿ ಆ ಮರದಲ್ಲಿ ಹೂವಲ್ಲದೆ ಬೇರೇನೂ ಕಾಣಿಸಲಿಲ್ಲ. ಸುತ್ತಲ ಹಳ್ಳಿಯವರೆಲ್ಲ ನೋಡಲು ಬಂದರು. ಸಾಹುಕಾರನೂ ಬಂದ. ಮರವೇ ಇರಲಿ, ಹುಲ್ಲು ತೆಗೆಯಿರಿ ಅಂದ. ಜೊತೆಗೆ ಒಂದು ಶಾಲು ತಂದಿದ್ದ. ಎಲ್ಲರ ಮುಂದೆ ಅದನ್ನು ಕಿರಿಯವನಿಗೆ ಹೊದಿಸಲು ಹೋದ. ಕಿರಿಯವನು ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ.

“ಇದು ನನಗಲ್ಲ, ಧಣಿ. ನೀರು ಬಿಗಿ ಹಿಡಿದು, ಬೇರು ತುಸು ಕಡಿದರೆ ಕಕ್ಕೆ ಹೂ ಸುರಿಸುತ್ತದೆ ಎಂದು ನಮ್ಮಪ್ಪ ಹೇಳುತ್ತಿದ್ದ. ಸಾಕಿದ ಮರ, ನನಗೆ ಕೈ ಬರಲಿಲ್ಲ. ಮೊನ್ನೆ ಪಾತಿ ಬಿಡಿಸುವಾಗ ನೋಡಿದೆ, ಕಾಲುವೆ ಕಟ್ಟಿದೆ, ಬೇರು ಕಡಿದಿದೆ. ಈ ಅಂಗಳದಲ್ಲಿ ಹಾರೆ ಹಿಡಿಯುವವರು ನಾವಿಬ್ಬರೇ. ತನ್ನ ಹುಲ್ಲು ಹಾಳಾದರೂ ಚಿಂತೆಯಿಲ್ಲ ಎಂದು ಅಣ್ಣ ನನ್ನ ಮರ ನೋಡಿಕೊಂಡಿದ್ದಾನೆ. ನೋಡಿಕೊಂಡೂ ಬಾಯಿ ಬಿಡಲಿಲ್ಲ.”

ಜನರೆಲ್ಲ ಹಿರಿಯವನ ಕಡೆ ತಿರುಗಿದರು.

“ನಾನು ಒಳ್ಳೆಯದಾಗಲಿ ಎಂದು ಮಾಡಿದ್ದಲ್ಲ” ಅಂದ.

ದೊಡ್ಡವರು ಮಾತಾಡುವುದೇ ಹೀಗೆ ಎಂದು ಜನ ತಲೆದೂಗಿದರು. ಸಾಹುಕಾರ ಶಾಲನ್ನು ಅವನಿಗೇ ಹೊದಿಸಿದ. ಹುಲ್ಲು ಹೋದರೂ ಇವನು ಹೋಗಬಾರದು, ಇನ್ನು ಮೇಲೆ ಮರದ ಉಸ್ತುವಾರಿ ಇವನದೇ ಎಂದು ಹೇಳಿದ.

ಆಳುಗಳು ಹುಲ್ಲು ಕೀಳುವಾಗ ಹಿರಿಯವನು ಅಲ್ಲೇ ನಿಂತಿದ್ದ. ಹೆಗಲ ಮೇಲೆ ಶಾಲಿತ್ತು. ತೆಗೆದಿಟ್ಟರೆ ಜನ ಏಕೆಂದು ಕೇಳುತ್ತಾರೆ. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ. ಅವನು ಎಷ್ಟೋ ವರ್ಷ ಸಾಕಿದ ಹುಲ್ಲು ಮಧ್ಯಾಹ್ನದೊಳಗೆ ದನದ ಕೊಟ್ಟಿಗೆ ಸೇರಿತು. ಅತ್ತವನು ಕಿರಿಯವನು. ನಾನು ಈ ತೋಟದಲ್ಲಿ ಕೆಲಸಕ್ಕೆ ಸೇರಬೇಕೆಂದು ಆಸೆಪಟ್ಟದ್ದೇ ಆ ಬಿಳಿ ತೆನೆಗಳನ್ನು ದಾರಿಯಿಂದ ನೋಡಿ, ಅಣ್ಣಾ, ಎಂದು ಅತ್ತ. ಹಿರಿಯವನಿಗೆ ಅಳುವ ಹಕ್ಕೂ ಇರಲಿಲ್ಲ.

ಆಮೇಲೆ ಅವನು ಬಹಳ ಕಾಲ ಬದುಕಿದ. ಪ್ರತಿ ಬೇಸಗೆಯಲ್ಲಿ ಕಿರಿಯವನು ಮೊದಲ ಗೊಂಚಲು ಕಿತ್ತು ತಂದು ಅವನ ಪಾದದ ಬಳಿ ಇಟ್ಟು, ಎಲ್ಲ ನಿನ್ನ ಕೈಗುಣ ಅಣ್ಣಾ ಎನ್ನುತ್ತಿದ್ದ. ಅರವಟ್ಟಿಗೆಯಲ್ಲಿ ಮಜ್ಜಿಗೆ ಕುಡಿಯುವವರಿಗೆಲ್ಲ ಅದೇ ಕತೆ ಹೇಳುತ್ತಿದ್ದ. ತಾಯಂದಿರು ಮಕ್ಕಳನ್ನು ಕರೆತಂದು, ಪರರ ಏಳಿಗೆಗೆ ದುಡಿದವರು, ನಮಸ್ಕಾರ ಮಾಡು ಎಂದು ಅವನ ಕಾಲಿಗೆ ಬೀಳಿಸುತ್ತಿದ್ದರು. ಇವತ್ತು ಹೇಳಿಬಿಡುತ್ತೇನೆ ಎಂದು ಅವನು ದಿನವೂ ಏಳುತ್ತಿದ್ದ. ಕಿರಿಯವನ ಮುಖ ನೋಡಿ ಸುಮ್ಮನಾಗುತ್ತಿದ್ದ. ಹೇಳದೆಯೇ ತೀರಿಹೋದ.

ಅಡವಯ್ಯನವರು ಅಲ್ಲಿಗೆ ನಿಲ್ಲಿಸಿದರು. ಗುರುಪಾದನಿಗೆ ಸಮಾಧಾನವಾಗಲಿಲ್ಲ. ಶಿಕ್ಷೆ ಎಲ್ಲಿ ಬಂತು ಎಂದು ಅವನು ಹುಡುಕುತ್ತಿದ್ದ.

“ಹಾಗಾದರೆ ಕೊನೆಯ ತನಕ ಯಾರಿಗೂ ತಿಳಿಯಲಿಲ್ಲ. ಅವನು ತಪ್ಪಿಸಿಕೊಂಡ ಹಾಗೆಯೇ ಆಯಿತಲ್ಲ, ಗುರುಗಳೇ?”

“ಸಿಕ್ಕಿಬಿದ್ದಿದ್ದರೆ ತಪ್ಪಿಸಿಕೊಳ್ಳುತ್ತಿದ್ದ, ಮಗು.”