ಬಾಗಿಲ ಬೀಗಕ್ಕೆ ಕೈಹಾಕಿದ ಹೇರ್‌ಪಿನ್ನು

ಹೇರ್‌ಪಿನ್ನೊಂದಕ್ಕೆ ಬೀಗ ತೆಗೆಯುವುದನ್ನು ಕಲಿಯುವ ಹುಚ್ಚು ಹತ್ತಿತು. ಜಗಲಿಯ ಮೂಲೆಗೆ ಬಿದ್ದಿದ್ದ ಹಳೇ ಬೀಗವೇ ಗುರು. ಅದು ಕೊನೆಗೂ ತೆರೆದುಕೊಂಡಾಗ ಪಿನ್ನಿಗೆ ಖುಷಿಗಿಂತ ಅನುಮಾನವೇ ಹೆಚ್ಚಾಯಿತು.

“ಗುರುಗಳೇ, ನೀವು ಸವೆದವರು. ನನಗೆ ನಿಜವಾಗಿ ಬರುತ್ತದೋ ಇಲ್ಲವೋ, ಬಾಗಿಲ ಬೀಗದಲ್ಲಿ ನೋಡಿಬಿಡುತ್ತೇನೆ.”

“ಬೇಡ. ನನ್ನ ಹಿಂದೆ ಯಾರ ಮನೆಯೂ ಇಲ್ಲ, ಅದಕ್ಕೇ ನನ್ನಲ್ಲಿ ನೀನು ತಪ್ಪು ಮಾಡಿದರೂ ನಡೆಯುತ್ತದೆ.”

ಪಿನ್ನಿಗೆ ತಡೆಯಲಾಗಲಿಲ್ಲ. ಮನೆಯಾಕೆ ಬೀಗ ಹಾಕಿಕೊಂಡು ಬೀದಿ ನಲ್ಲಿಗೆ ಹೋದದ್ದೇ ತಡ, ಬಾಗಿಲ ಬೀಗದೊಳಗೆ ನುಗ್ಗಿತು. ಗಾಬರಿಯಲ್ಲಿ ಜೋರಾಗಿ ಒತ್ತಿ, ಮುರಿದು ಅಲ್ಲೇ ಸಿಕ್ಕಿಕೊಂಡಿತು.

ಮನೆಯಾಕೆಯ ಜೊತೆ ಬೀಗದ ಕೈ ವಾಪಸು ಬಂತು. “ದಾರಿ ಬಿಡು ತಾಯಿ, ಒಲೆಯ ಮೇಲೆ ಹಾಲಿದೆ.”

“ಅಲುಗಾಡಲಾಗುತ್ತಿಲ್ಲ,” ಎಂದಿತು ಪಿನ್ನು.

ಬಾಗಿಲ ಸಂದಿಯಿಂದ ಸೀದ ವಾಸನೆ ಬಂತು.

“ಸೀದದ್ದು ಹಾಲು ತಾನೇ?” ಪಿನ್ನು ಕೇಳಿತು.

“ಸದ್ಯಕ್ಕೆ ಹಾಲು,” ಎಂದಿತು ಬೀಗದ ಕೈ. “ಪಕ್ಕದಲ್ಲೇ ತೊಟ್ಟಿಲಿದೆ.”