ಕುಂಬಾರನ ಬೆರಳು, ಡಾಕ್ಟರ ಚೀಟಿ

"ಹತ್ತು ಕಣ್ಣಿಗೆ ಕಾಣದ್ದು ಒಂದು ಬೆರಳಿಗೆ ಸಿಗುತ್ತದೆ. ಏನದು?"

ಶಿಷ್ಯ ಕೇಳಿದ್ದೇ ಬೇರೆ. ಅಷ್ಟೊಂದು ಪರೀಕ್ಷೆ ಮಾಡಿಸಿದ ಡಾಕ್ಟರ ಮೇಲೆ ತನಗೆ ನಂಬಿಕೆ ಯಾಕೆ ಕಡಿಮೆಯಾಯಿತು ಎಂದು ಕೇಳಿದ್ದ. ಅದಕ್ಕೆ ಗುರುಗಳು ಈ ಒಗಟು ಹಾಕಿದರು. ಶಿಷ್ಯ ಮೊದಲು ಗಾಳಿ ಎಂದ. ಆಮೇಲೆ ದೇವರು ಎಂದ.

"ಗೊತ್ತಾಗದ್ದಕ್ಕೆಲ್ಲ ದೇವರನ್ನು ಎಳೀಬೇಡ. ಕತೆ ಕೇಳು" ಎಂದರು ಗುರುಗಳು.

ಒಬ್ಬ ಕುಂಬಾರನಿದ್ದ. ಸಂಕ್ರಾಂತಿ ಕಳೆದ ಮೇಲೆ ಅವನಿಗೆ ಹೊಟ್ಟೆನೋವು ಶುರುವಾಯಿತು. ಬೇಸಿಗೆಯ ಮಡಕೆ ವ್ಯಾಪಾರವೇ ಅವನ ಮನೆಗೆ ವರ್ಷದ ಅನ್ನ. ಬೇಗ ವಾಸಿಯಾಗಬೇಕೆಂದು ಡಾಕ್ಟರ ಬಳಿ ಹೋದ.

ಡಾಕ್ಟರು ಒಳ್ಳೆಯವರೇ. ಏನಾದರೂ ತಪ್ಪಿಹೋದೀತು ಎಂಬ ಭಯ ಅವರಿಗೆ. ರಕ್ತ ಪರೀಕ್ಷೆಗೆ ಬರೆದರು. ಏನೂ ಸಿಗಲಿಲ್ಲ. ಸ್ಕ್ಯಾನಿಂಗಿಗೆ ಬರೆದರು. ಒಂದು ಚುಕ್ಕೆ ಕಂಡಿತು. ಚುಕ್ಕೆಗೆ ಮಾತ್ರೆ ಕೊಟ್ಟರು. ಮಾತ್ರೆಗೆ ತಲೆ ಸುತ್ತಿತು. ತಲೆಗೆ ಇನ್ನೊಂದು ಸ್ಕ್ಯಾನಿಂಗ್. ಕುಂಬಾರ ತಿಗರಿಯ ಮುಂದೆ ಕೂತರೆ ತಿಗರಿ ನಿಂತೇ ಇರುತ್ತಿತ್ತು, ಇವನೇ ತಿರುಗುತ್ತಿದ್ದ.

ಆಮೇಲೆ ಅವನು ಮಾತ್ರೆ ನುಂಗದೆ, ನುಂಗಿದೆ ಎನ್ನತೊಡಗಿದ. ಡಾಕ್ಟರು ಅವನ ಮುಖ ಬಿಟ್ಟು ವರದಿ ನೋಡತೊಡಗಿದರು.

ಒಂದು ದಿನ ಡಾಕ್ಟರೇ ನೀರಿನ ಮಡಕೆ ಕೊಳ್ಳಲು ಬಂದರು. ಹೋದ ವರ್ಷದ ಮಡಕೆಗಳು ಒಂದೇ ಸಾಲು ಉಳಿದಿದ್ದವು. ಕುಂಬಾರ ಒಂದನ್ನು ಎತ್ತಿ, ಬೆರಳ ಗೆಣ್ಣಿನಿಂದ ಒಮ್ಮೆ ಬಡಿದ. ಟಣ್ ಎಂದಿತು.

"ತಗೊಳ್ಳಿ ಸಾರ್. ಬಿರುಕಿಲ್ಲ."

ಡಾಕ್ಟರು ಮಡಕೆಯನ್ನು ಕಂಕುಳಿಗೆ ಸೇರಿಸಿದರು.

"ಇಷ್ಟಕ್ಕೇ ನಂಬಿಬಿಟ್ರಾ? ಇನ್ನೂ ನಾಲ್ಕು ಕಡೆ ತೋರಿಸ್ಕೊಂಡು ಬರೋದಲ್ವಾ?"

"ನೀನೇ ಬಡಿದು ನೋಡಿದೆಯಲ್ಲ ಮಾರಾಯ."

"ಹೂಂ. ನನ್ನ ಹೊಟ್ಟೇನ ಎರಡು ತಿಂಗಳಾದ್ರೂ ನೀವು ಒಂದು ಸಲ ಮುಟ್ಟಿ ನೋಡಲಿಲ್ಲ."

ಡಾಕ್ಟರು ಮಡಕೆ ಕೆಳಗಿಟ್ಟರು. ಕುಂಬಾರನನ್ನು ಅಲ್ಲೇ ಜಗಲಿಯ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಕೈಯಿಟ್ಟರು. ದಿನಾ ಬಾಯಿಗೆ ಏನೇನು ಹಾಕುತ್ತೀಯ ಎಂದು ಕೇಳಿದರು.

"ಮುದ್ದೆ, ಸಾರು. ಆಮೇಲೆ ಮಣ್ಣು. ಅದರಲ್ಲಿ ಮರಳು ಇದೆಯಾ ಅಂತ ಹಲ್ಲಲ್ಲಿ ಕಡಿದು ನೋಡಬೇಕಲ್ಲ ಸಾರ್. ಈ ಸಲ ಬೇರೆ ಕೆರೆಯ ಮಣ್ಣು."

ಡಾಕ್ಟರು ಹಳೆಯ ಚೀಟಿಗಳನ್ನೆಲ್ಲ ಹರಿದರು. ಜಂತುಹುಳದ ಒಂದೇ ಮಾತ್ರೆ ಕೊಟ್ಟರು. ಕುಂಬಾರ ಅದನ್ನು ಅವರ ಎದುರಿಗೇ ನುಂಗಿದ. ಯುಗಾದಿಯ ಹೊತ್ತಿಗೆ ತಿಗರಿ ತಿರುಗಿತು.

ಶಿಷ್ಯನಿಗೆ ಸಮಾಧಾನವಾಯಿತು. "ಅಂತೂ ಡಾಕ್ಟರು ಕೈಯಿಟ್ಟು ನೋಡಿದರಲ್ಲ ಗುರುಗಳೇ" ಎಂದ.

"ಕೈಯಿಟ್ಟದ್ದೂ ಅದರ ಮುಂದಿನದೂ ನಾನು ಕಟ್ಟಿದ ಕತೆ. ನಿಜಕ್ಕೂ ಅವರು ಮಡಕೆ ಎತ್ತಿಕೊಂಡು, ಅವನ ಸಿಟ್ಟಿಗೂ ಒಂದು ಪರೀಕ್ಷೆ ಬರೆದು ಹೋದರು" ಎಂದರು ಗುರುಗಳು.