ಗುಡಿಸಿದ ಹಾದಿ

ಹೊಳೆಯ ದಂಡೆಯಲ್ಲಿ ಒಂದು ಚಿಕ್ಕ ಆಶ್ರಮ. ಅದರ ಬೆನ್ನಿಗೆ ಒಂದು ಗುಡ್ಡ. ಗುಡ್ಡದ ತುದಿಯಲ್ಲಿ ಗುಡಿಯಿಲ್ಲ, ಗದ್ದುಗೆಯಿಲ್ಲ. ಒಂದು ಹಾಸುಬಂಡೆ, ಅದರ ಮೇಲೆ ಬೇಕಾದಷ್ಟು ಗಾಳಿ, ಅಷ್ಟೇ.

ಆಶ್ರಮದ ಗುರು ನಿರುಪಾಧಿ ಅಜ್ಜನವರು ದಿನಾ ಸಂಜೆ ಆ ಬಂಡೆಯ ಮೇಲೆ ಹೋಗಿ ಕೂರುತ್ತಿದ್ದರು. ಅಲ್ಲಿ ಜಪವೂ ಇಲ್ಲ, ಧ್ಯಾನವೂ ಇಲ್ಲ. ಯಾರಾದರೂ ಕೇಳಿದರೆ, "ಗಾಳಿ ಚೊಲೋ ಇತ್ತು" ಎನ್ನುವರು.

ಅವರಿಗೆ ಎಪ್ಪತ್ತೆಂಟು ತುಂಬಿದ ವರ್ಷ ಮೊಣಕಾಲು ಹಟ ಹಿಡಿದವು. ಇದ್ದ ಹಾದಿ ಆಡುಗಳದ್ದು, ನೆಟ್ಟಗೆ ಏರುವಂಥದು. ಅಜ್ಜ ಅರ್ಧಕ್ಕೇ ನಿಂತು ತಿರುಗಿ ಬರತೊಡಗಿದರು.

ಶಿಷ್ಯ ಅಡಿವೆಪ್ಪನಿಗೆ ಇದನ್ನು ನೋಡಲಾಗಲಿಲ್ಲ. ಅವನು ಮೂವತ್ತು ದಾಟಿದವನು, ಆಶ್ರಮಕ್ಕೆ ಬರುವ ಮುಂಚೆ ಬಾವಿ ತೋಡುತ್ತಿದ್ದವನು. ನೆಲ ಕಂಡರೆ ಕೆಳಗೆ ಇಳಿಯುವುದೊಂದೇ ಅವನಿಗೆ ಗೊತ್ತಿತ್ತು.

"ಅಜ್ಜಾರ, ನಿಮಗೊಂದು ಹಾದಿ ಮಾಡ್ತೀನ್ರಿ" ಎಂದ.

"ನನಗಷ್ಟ ಯಾಕ? ಊರಾಗಿನ ಮಂದೀನೂ ಬರ್ಲಿ. ಮಾಡು."

"ಹ್ಯಾಂಗ ಮಾಡ್ಲಿ?"

"ಹತ್ತೋರು ಮಾತಾಡ್ಕೋತ ಹತ್ತಬೇಕು, ಅಷ್ಟ ಏರಿರ್ಲಿ. ಮಾತು ಎಲ್ಲಿ ನಿಲ್ಲತೈತಿ, ಅಲ್ಲಿ ಹಾದಿ ಹೊಳ್ಳಿಸು. ಮತ್ತ ಹೊರಗಿನ ಅಂಚು ಒಂದೀಟು ತಗ್ಗಿರ್ಲಿ."

"ತಗ್ಗು ಯಾಕ್ರಿ?"

"ನೀರು ನಮಗಿಂತ ಮೊದಲ ಈ ಗುಡ್ಡದಾಗ ಐತಿ. ಅದು ಹಾದಿ ದಾಟಿ ಹೋಗ್ಲಿ. ಹಾದಿ ಹಿಡದು ಹೋಗೋದು ಬ್ಯಾಡ."

ಚಳಿಗಾಲವೆಲ್ಲ ಅಡಿವೆಪ್ಪ ಅಗೆದ. ಸಲಿಕೆ ಹೆಗಲಿಗಿಟ್ಟು ತನ್ನಷ್ಟಕ್ಕೆ ಮಾತಾಡುತ್ತ ಹತ್ತುವನು. ಉಸಿರು ಕಟ್ಟಿ ಮಾತು ನಿಂತ ಕಡೆ ಗೂಟ ಹೊಡೆದು, ಹಾದಿಯನ್ನು ಗುಡ್ಡದ ಮಗ್ಗುಲಿಗೆ ತಿರುಗಿಸುವನು. ಇವನಿಗೆ ತಲೆ ಕೆಟ್ಟಿದೆ ಎಂದು ಅಡುಗೆಯ ನೀಲವ್ವ ಊರಿಗೆಲ್ಲ ಹೇಳಿಕೊಂಡು ಬಂದಳು.

ಯುಗಾದಿಯ ಹೊತ್ತಿಗೆ ಹಾದಿ ಬಂಡೆಯನ್ನು ಮುಟ್ಟಿತು. ಅಜ್ಜ ಕೋಲೂರಿಕೊಂಡು ಹತ್ತಿದರು, ನಡುವೆ ಎಲ್ಲೂ ಕೂರಲಿಲ್ಲ. ಅಂದು ಅಡಿವೆಪ್ಪನಿಗೆ ಸಂತೋಷಕ್ಕೆ ಊಟ ಸೇರಲಿಲ್ಲ.

ಎಡವಟ್ಟು ಶುರುವಾದದ್ದೂ ಆ ಸಂತೋಷದಿಂದಲೇ.

ಅಜ್ಜ ಬರಿಗಾಲಲ್ಲಿ ನಡೆಯುವವರು. ಅವರ ಪಾದಕ್ಕೆ ಒಂದು ಹರಳೂ ಚುಚ್ಚಬಾರದೆಂದು ಅಡಿವೆಪ್ಪ ದಿನಾ ಬೆಳಿಗ್ಗೆ ಹಾದಿ ಗುಡಿಸತೊಡಗಿದ. ಎಲೆ, ಹರಳು, ಸಡಿಲ ಮಣ್ಣು, ಎಲ್ಲವನ್ನೂ ಹೊರಗಿನ ಅಂಚಿಗೆ ತಳ್ಳುವನು. ಅಜ್ಜನ ಕಾಲು ಜಾರಬಾರದೆಂದು ಆ ಮಣ್ಣಿಗೇ ನೀರು ಚಿಮುಕಿಸಿ, ತಟ್ಟಿ, ಗೇಣೆತ್ತರದ ಕಟ್ಟೆ ಮಾಡುವನು. ಎರಡು ತಿಂಗಳಲ್ಲಿ ಹಾದಿ ಪಡಸಾಲೆಯಂತಾಯಿತು. ಸಂಜೆ ತಿರುಗಾಡಲು ಬಂದವರೆಲ್ಲ ಹೊಗಳಿ ಹೋದರು.

ಅಜ್ಜ ಒಂದು ದಿನ ಕೇಳಿದರು, "ದಿನಾ ಯಾಕ ಕಸಾ ಹೊಡೀತಿ?"

"ನಿಮ್ಮ ಪಾದಕ್ಕ ನೋವಾಗಬಾರ್ದಂತ್ರಿ."

"ನನ್ನ ಪಾದ ಬಂದು ನಿನ್ನ ಮುಂದ ದೂರು ಹೇಳ್ಯಾವೇನು?"

ಅಡಿವೆಪ್ಪ ನಕ್ಕ. ಅಜ್ಜನೂ ನಕ್ಕರು. ಮರುದಿನವೂ ಅವನು ಗುಡಿಸಿದ.

ಮುಂಗಾರಿನ ಮೊದಲ ದೊಡ್ಡ ಮಳೆ ಮೂರು ದಿನ ಹೊಡೆಯಿತು.

ನಾಲ್ಕನೆಯ ದಿನ ಹೋಗಿ ನೋಡಿದರೆ ಹಾದಿಯ ಮುಕ್ಕಾಲು ಪಾಲು ಹಳ್ಳವಾಗಿತ್ತು. ಅಲ್ಲಲ್ಲಿ ಮೊಣಕಾಲುದ್ದ ಕೊರೆದಿತ್ತು. ಆಡೂ ಹತ್ತುವ ಹಾಗಿರಲಿಲ್ಲ, ಇನ್ನು ಅಜ್ಜನ ಮಾತೆಲ್ಲಿ.

ಅಡಿವೆಪ್ಪ ಬಟ್ಟೆಯ ಗಂಟು ಕಟ್ಟಿಕೊಂಡು ಅಜ್ಜನ ಮುಂದೆ ಬಂದು ನಿಂತ. ಕಣ್ಣು ಕೆಂಪಾಗಿದ್ದವು.

"ನಾ ಹೋಗ್ತೀನ್ರಿ. ನಿಮಗಂತ ಒಂದು ಕೆಲಸ ಮಾಡಿದೆ, ಅದೂ ಹಾಳಾತು."

"ಹೋಗುವಂತಿ. ಮೊದಲ ನನ್ನ ಆ ತಿರುವಿನ ತನಕ ಕರಕೊಂಡು ಹೋಗು."

ಮೊದಲ ತಿರುವಿನವರೆಗೆ ಹಾದಿ ಉಳಿದಿತ್ತು. ಅಲ್ಲಿ ಕಟ್ಟೆಯ ಒಳಗೆ ಮಳೆನೀರು ಇನ್ನೂ ನಿಂತಿತ್ತು. ಅಜ್ಜ ಅವನ ಹೆಗಲು ಹಿಡಿದು, ನೋವಿಗೆ ಹಲ್ಲು ಕಚ್ಚಿ, ಕೆಸರಲ್ಲೇ ಕುಳಿತರು. ಅವನು ತಟ್ಟಿ ತಟ್ಟಿ ಕಟ್ಟಿದ ಅಂಚನ್ನು ಎರಡೂ ಕೈಯಿಂದ ಕೆರೆದರು.

ನೀರು ಆ ಸಂದಿಯಿಂದ ಹೊರಬಿದ್ದು, ಹುಲ್ಲಿನೊಳಗೆ ಸದ್ದಿಲ್ಲದೆ ಇಳಿದು ಹೋಯಿತು.

ಅಡಿವೆಪ್ಪ ನೋಡುತ್ತ ನಿಂತ. ಅವನ ಕೈಯಲ್ಲಿದ್ದ ಗಂಟು ಕೆಳಗೆ ಬಿತ್ತು.

"ನೀರಿಗೆ ದಾಟಾಕ ನಾ ಬಿಡಲಿಲ್ಲ. ಅದು ಹಾದಿ ಹಿಡದು ಹೋತು."

"ಹೂಂ."

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

ಅಜ್ಜ ಕೆಸರಿನ ಕೈ ನೋಡಿಕೊಂಡರು.

"ಹೇಳಬೇಕಾಗಿತ್ತು. ಬೆಳಿಗ್ಗೆ ಏಳೋದ್ರಾಗ ನಿನ್ನ ಕಸಬರಿಗಿ ಸಪ್ಪಳ ಕಿವಿಗೆ ಬೀಳ್ತಿತ್ತು. ನನಗಂತ ಯಾರೋ ದುಡೀಲಿಕ್ಕತ್ಯಾರ ಅಂತ ಹಿತ ಆಗ್ತಿತ್ತು. ಇವತ್ತು ಹೇಳೋಣು, ನಾಳೆ ಹೇಳೋಣು ಅಂತ ಬಿಟ್ಟೆ. ತಪ್ಪು ನಂದೂ ಐತಿ, ತಮ್ಮಾ."

ಅಡಿವೆಪ್ಪ ಅವರ ಪಕ್ಕದಲ್ಲೇ ಕುಳಿತು ಸಣ್ಣ ಮಗುವಿನ ಹಾಗೆ ಅತ್ತ. ಅಜ್ಜ ತಡೆಯಲಿಲ್ಲ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದರು.

ಗಂಟು ಬಿಚ್ಚಿದ್ದಾಯಿತು. ಮಳೆಯ ಬಿಡುವಿನಲ್ಲಿ ಅವನು ಕಟ್ಟೆಯನ್ನೆಲ್ಲ ಕೆಡವಿದ, ಕೊರೆದಲ್ಲಿ ಕಲ್ಲು ಮಣ್ಣು ತುಂಬಿದ, ಅಂಚು ತಗ್ಗಿಸಿದ. ಬಿದ್ದ ಎಲೆಯನ್ನು ಮುಟ್ಟಲಿಲ್ಲ. ಹಿಂಗಾರಿನ ಮಳೆಗಳು ಬಂದವು, ಹಾದಿಯನ್ನು ಅಡ್ಡ ದಾಟಿ ಹೋದವು. ಹಾದಿ ಹಾಗೇ ಉಳಿಯಿತು.

ಆದರೆ ಆ ಹೊತ್ತಿಗೆ ಅಜ್ಜನ ಕಾಲು ಪೂರ್ತಿ ಸೋತಿದ್ದವು.

ದೀಪಾವಳಿ ಕಳೆದ ಒಂದು ಸಂಜೆ ಅಡಿವೆಪ್ಪ ಅವರನ್ನು ಹಿಡಿದುಕೊಂಡು ಹೊರಟ. ಮೊದಲ ತಿರುವಿಗೆ ಅವರ ಶಕ್ತಿ ಮುಗಿಯಿತು. ಅಲ್ಲಿದ್ದ ಕಲ್ಲಿನ ಮೇಲೆ ಕುಳಿತರು.

"ಹೊತ್ಕೊಂಡು ಹೋಗ್ತೀನ್ರಿ, ಅಜ್ಜಾರ. ಒಮ್ಮೆ."

"ಬ್ಯಾಡ. ಸಾಕಷ್ಟು ಸಲ ಕೂತು ಬಂದೀನಿ."

"ನಿಮಗಂತ ಮಾಡಿದ ಹಾದೀರಿ ಇದು. ನೀವ ಬರದಿದ್ರ ನಾ ಏನು ಮಾಡ್ಲಿ ಇದನ್ನ?"

ಅಜ್ಜ ಅವನ ಮುಖ ನೋಡಿದರು. ಬೆವರು, ಮಣ್ಣು, ಹೆಗಲ ಮೇಲೆ ಯಾವತ್ತಿನ ಸಲಿಕೆ.

"ಈ ಹಾದೀಲೆ ನೀ ಎಷ್ಟು ಸಲ ಮ್ಯಾಲೆ ಹೋಗೀದಿ?"

"ಅದನ್ನ ಹ್ಯಾಂಗ ಹೇಳ್ಲಿ? ಸಾವಿರ ಸಲ ಆಗಿರಬೇಕು."

"ಕೈಯಾಗ ಏನೂ ಇಲ್ಲದ?"

ಅಡಿವೆಪ್ಪ ಹೆಗಲ ಸಲಿಕೆಯ ಕಡೆ ನೋಡಿದ. ಒಂದು ಸಲವೂ ಇಲ್ಲ.

ಅಜ್ಜ ಕೈಚಾಚಿ ಅವನ ಹೆಗಲಿನಿಂದ ಸಲಿಕೆ ಇಳಿಸಿಕೊಂಡರು. ಅದನ್ನು ತಮ್ಮ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

"ಇದನ್ನ ನಾ ಹಿಡಕೊಂಡು ಕುಂತಿರ್ತೀನಿ. ನೀ ಮ್ಯಾಲೆ ಹೋಗಿ ಬಾ, ತಮ್ಮಾ."